ಮನೆ ಮೆಚ್ಚಿದವರು ಮತ್ತೆ ಬರುತ್ತಿಲ್ಲವೇಕೆ?

ಪ್ರಶ್ನೆ: ಕಾರವಾರ ತಾಲ್ಲೂಕಿನ ಸದಾಶಿವಗಡದ ಬಳಿ ನಮ್ಮ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯಿದೆ. ಮುಂಭಾಗಕ್ಕೆ ಎರಡು ಆರ್‌ಸಿಸಿ ಕೋಣೆಗಳನ್ನು ಅವರೇ ನಂತರ ಸೇರಿಸಿದ್ದರು. ಅವರು ತೀರಿಕೊಂಡ ಮೇಲೆ ತಾಯಿಯವರು ನನ್ನೊಂದಿಗೆ ಹುಬ್ಬಳ್ಳಿಯಲ್ಲಿದ್ದಾರೆ. ಒಬ್ಬ ತಂಗಿ ಕುಮಟಾದಲ್ಲಿ, ಇನ್ನೊಬ್ಬಳು ದುಬೈಯಲ್ಲಿ ಇದ್ದಾರೆ. ಎರಡು ವರ್ಷಗಳಿಂದ 70 ಲಕ್ಷ ರೂಪಾಯಿಗೆ ಮನೆಯನ್ನು ಮಾರಾಟಕ್ಕಿಟ್ಟಿದ್ದೇವೆ. ನೋಡಲು ಬಂದವರು ಮೆಚ್ಚುತ್ತಾರೆ, ಕಾಗದಪತ್ರಗಳ ಪ್ರತಿ ಒಯ್ಯುತ್ತಾರೆ, ಆಮೇಲೆ ಸುದ್ದಿಯಿರುವುದಿಲ್ಲ. ಕೆಲವರು ವಾಸ್ತುದೋಷ ಎನ್ನುತ್ತಾರೆ. ದಲ್ಲಾಳಿಗಳು ನೆಲಕ್ಕೆ ಗ್ರಾನೈಟ್ ಹಾಕಿಸಿ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಕಾರಣ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಬಂದವರು ಮನೆಯನ್ನು ನೋಡಿ ಹಿಂದೆ ಸರಿಯುತ್ತಿಲ್ಲ, ಕಾಗದಪತ್ರಗಳನ್ನು ಒಯ್ದ ಮೇಲೆ ಸರಿಯುತ್ತಿದ್ದಾರೆ. ಇಂದು ಮನೆ ಕೊಳ್ಳುವ ಮಧ್ಯಮ ವರ್ಗದವರಲ್ಲಿ ಬಹುತೇಕರು ಸಾಲ ಮಾಡಿಯೇ ಕೊಳ್ಳುವುದರಿಂದ, ನಿಮ್ಮ ಮನೆಯನ್ನು ನಿಜವಾಗಿ ಒಪ್ಪಬೇಕಾದವರು ಬ್ಯಾಂಕಿನ ವಕೀಲರು ಮತ್ತು ಮೌಲ್ಯಮಾಪನಕ್ಕೆ ಬರುವ ಎಂಜಿನಿಯರ್. ಈ ಇಬ್ಬರೂ ವಾಸ್ತು ನೋಡುವುದಿಲ್ಲ, ಗ್ರಾನೈಟಿಗೆ ಹೆಚ್ಚಿನ ಬೆಲೆಯನ್ನೂ ಕಟ್ಟುವುದಿಲ್ಲ. ಆದ್ದರಿಂದ ಗ್ರಾನೈಟಿಗೆ ಇಟ್ಟ ಹಣವನ್ನು ಮೊದಲು ದಾಖಲೆಗಳನ್ನು ಸರಿಪಡಿಸಲು ಬಳಸಿ ಎಂಬುದು ನನ್ನ ಖಚಿತವಾದ ಸಲಹೆ.

ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದೆಯೇ ಎಂಬುದನ್ನು ನೀವು ತಿಳಿಸಿಲ್ಲ. ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತದೆ. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ನಿಮ್ಮ ತಾಯಿ, ನೀವು ಮತ್ತು ಇಬ್ಬರು ತಂಗಿಯಂದಿರು ಸಮಾನ ಹಕ್ಕುದಾರರು. ಜಾಗ ಪಿತ್ರಾರ್ಜಿತವಾಗಿದ್ದರೂ 2005ರ ತಿದ್ದುಪಡಿಯಿಂದಾಗಿ ಹೆಣ್ಣುಮಕ್ಕಳ ಹಕ್ಕು ಗಂಡುಮಕ್ಕಳಷ್ಟೇ ಗಟ್ಟಿಯಾಗಿದೆ. ‘ತಂಗಿಯರ ತಕರಾರಿಲ್ಲ’ ಎಂಬ ಬಾಯಿಮಾತು ಬ್ಯಾಂಕಿನ ವಕೀಲರಿಗೆ ಸಾಲುವುದಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ಪಡೆದು, ವಾರಸುದಾರರೆಲ್ಲರ ಹೆಸರಿಗೆ ಖಾತೆ ಬದಲಾಯಿಸಿಕೊಂಡು, ಪಂಚಾಯಿತಿಯಿಂದ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ) ನಮೂನೆ 9 ಮತ್ತು 11ನ್ನು ಹೊಸ ಹೆಸರುಗಳಲ್ಲಿ ತೆಗೆಸಿಕೊಳ್ಳಿ. ಗಿರಾಕಿ ಬಂದ ಮೇಲೆ ಮಾಡಿಸಿದರಾಯಿತು ಎಂದು ಕಾಯಬೇಡಿ. ನೀವು ಕಚೇರಿಗಳಿಗೆ ಅಲೆಯುವಷ್ಟರಲ್ಲಿ ಅವರು ಬೇರೆ ಮನೆಗೆ ಮುಂಗಡ ಕೊಟ್ಟಿರುತ್ತಾರೆ.

ದುಬೈಯಲ್ಲಿರುವ ತಂಗಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಸಿದ್ಧತೆ ಬೇಕು. ಅವರು ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಕಳುಹಿಸಬಹುದು. ಅದು ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇನ್ನೊಂದು ಮಾತನ್ನು ಕೊಳ್ಳುವವರಿಗೆ ಮೊದಲೇ ತಿಳಿಸಿ: ಮಾರುವವರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ, ಅವರ ಪಾಲಿನ ಹಣ ಎಷ್ಟೇ ಇರಲಿ, ಕೊಳ್ಳುವವರು ಅದರ ಮೇಲೆ ಆದಾಯ ತೆರಿಗೆಯನ್ನು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. 50 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ವ್ಯವಹಾರಕ್ಕೆ ಶೇ 1ರಷ್ಟು ಎಂಬ ನಿಯಮ ನಿವಾಸಿಗಳಿಗೆ ಮಾತ್ರ. ಇದು ಕೊನೆಯ ಗಳಿಗೆಯಲ್ಲಿ ತಿಳಿದರೆ ಗಿರಾಕಿ ಗಾಬರಿಯಾಗುತ್ತಾರೆ. ತೆರಿಗೆ ಕಡಿತದ ಪ್ರಮಾಣವನ್ನು ಇಳಿಸುವ ಪ್ರಮಾಣಪತ್ರಕ್ಕೆ ನಿಮ್ಮ ತಂಗಿ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಸಲ್ಲಿಸಬಹುದು.

ಇನ್ನು ಆ ಎರಡು ಆರ್‌ಸಿಸಿ ಕೋಣೆಗಳು. ಎಂಜಿನಿಯರ್ ಟೇಪು ಹಿಡಿದು ಹೊರಗೋಡೆಯ ಸುತ್ತ ಅಳೆಯುತ್ತಾರೆ; ಆ ಅಳತೆ ಪಂಚಾಯಿತಿಯ ದಾಖಲೆಗೆ ಹೊಂದದಿದ್ದರೆ, ಹೆಚ್ಚುವರಿ ಭಾಗವನ್ನು ಮೌಲ್ಯದಿಂದ ಬಿಟ್ಟುಬಿಡುತ್ತಾರೆ, ಇಲ್ಲವೇ ವರದಿಯಲ್ಲಿ ‘ಅನುಮತಿಯಿಲ್ಲದ ನಿರ್ಮಾಣ’ ಎಂದು ಬರೆಯುತ್ತಾರೆ. ಅನುಮತಿ ಪತ್ರ ತಂದೆಯವರ ಕಡತದಲ್ಲಿದೆಯೇ ಎಂದು ಹುಡುಕಿ. ಮನೆ ಕಾಳಿ ನದಿಗೋ ಕಡಲಿಗೋ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆಯೂ ಏಳುತ್ತದೆ. 2011ರ ಅಧಿಸೂಚನೆಯು ಗ್ರಾಮೀಣ ಕರಾವಳಿಯಲ್ಲಿ ಸಮುದ್ರದ ಉಬ್ಬರ ರೇಖೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧ ಹೇರಿತ್ತು. 2019ರ ಅಧಿಸೂಚನೆ ಅದನ್ನು ಜನಸಾಂದ್ರತೆ ಹೆಚ್ಚಿರುವ ಕಡೆಗಳಲ್ಲಿ 50 ಮೀಟರಿಗೆ ಇಳಿಸಿತು. ಅಧಿಕೃತವಾಗಿ ಕಟ್ಟಿದ ಹಳೆಯ ಮನೆಯನ್ನು ಇದ್ದ ಅಡಿಪಾಯದಷ್ಟೇ ವಿಸ್ತೀರ್ಣದಲ್ಲಿ ದುರಸ್ತಿ ಮಾಡಲು ಅವಕಾಶವಿದ್ದುದರಿಂದ, ‘ಅಧಿಕೃತ’ ಎಂದು ತೋರಿಸುವ ಒಂದು ಹಳೆಯ ಕಾಗದವೂ ಇಲ್ಲಿ ಬಹಳ ಬೆಲೆಯುಳ್ಳದ್ದು.

ಜಾಗಕ್ಕೆ ಪಹಣಿಯಿದ್ದರೆ 11ನೇ ಕಲಂ ತೆರೆದು ನೋಡಿ. ತಂದೆಯವರು ಎಂದೋ ಸೊಸೈಟಿಯಲ್ಲಿ ಸಾಲ ಪಡೆದು ಪೂರ್ತಿ ತೀರಿಸಿದ್ದರೂ ಅಲ್ಲಿ ಬೋಜಾ (ಸಾಲದ ಹೊರೆಯ ನಮೂದು) ಹಾಗೆಯೇ ಉಳಿದಿರುವ ಪ್ರಕರಣಗಳು ಅಪರೂಪವಲ್ಲ. ಸೊಸೈಟಿಯಿಂದ ಬೇಬಾಕಿ (ಸಾಲ ಬಾಕಿಯಿಲ್ಲ ಎಂಬ) ಪತ್ರ ಪಡೆದು ಆ ಬೋಜಾ ತೆಗೆಸಿಹಾಕಿ, ಬಳಿಕ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ 30 ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಯಿರಿ.

ಬೆಲೆಯ ವಿಷಯದಲ್ಲಿ ನಾನು ನೇರವಾಗಿಯೇ ಹೇಳಬೇಕು. ಗಡಿಯಾಚೆ ಗೋವಾದಲ್ಲಿ ಕೇಳಿಬರುವ ದರ ಸದಾಶಿವಗಡಕ್ಕೆ ಅನ್ವಯಿಸುವುದಿಲ್ಲ. ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದಲ್ಲಿ ನಿಶ್ಚಿತ ಸಂಬಳದ ನೌಕರರು ಅನೇಕರಿದ್ದರೂ ಅವರಿಗೆ ವಸತಿಗೃಹಗಳಿವೆ, ವರ್ಗಾವಣೆಯೂ ಇದೆ. ಆದ್ದರಿಂದ ಇಲ್ಲಿ ಮನೆ ಕೊಳ್ಳುವವರ ಸಂಖ್ಯೆ ಊರಿನ ಗಾತ್ರದಿಂದ ಊಹಿಸುವುದಕ್ಕಿಂತ ಕಡಿಮೆ. ಹಳೆಯ ಹೆಂಚಿನ ಕಟ್ಟಡಕ್ಕೆ ಎಂಜಿನಿಯರ್ ಸವಕಳಿ ಕಳೆದೇ ಬೆಲೆ ಹಾಕುತ್ತಾರೆ. ಅವರು 52 ಲಕ್ಷ ಎಂದರೆಂದಿಟ್ಟುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ ಮಿತಿ ಮನೆಯ ಮೌಲ್ಯದ ಶೇ 80 ಆಗಿರುವುದರಿಂದ ಸಾಲ ಸಿಗುವುದು 41.6 ಲಕ್ಷ. ನಿಮ್ಮ 70 ಲಕ್ಷಕ್ಕೆ ಒಪ್ಪಿದವರು 28.4 ಲಕ್ಷವನ್ನು ಕೈಯಿಂದ ಹಾಕಬೇಕು, ನೋಂದಣಿ ಖರ್ಚು ಬೇರೆ. ಬೆಲೆ 55 ಲಕ್ಷವಾದರೆ ಕೈಯಿಂದ ಹಾಕಬೇಕಾದದ್ದು 13.4 ಲಕ್ಷ. ಮೊದಲಿನ ಮೊತ್ತ ಹೊಂದಿಸುವವರು ವಿರಳ, ಎರಡನೆಯದನ್ನು ಹೊಂದಿಸುವವರು ಸಿಗುತ್ತಾರೆ. ಸ್ವತಂತ್ರ ಮೌಲ್ಯಮಾಪಕರಿಂದ ನೀವೇ ಒಂದು ವರದಿ ಮಾಡಿಸಿಕೊಂಡರೆ ಯಾವ ಬೆಲೆ ನ್ಯಾಯವೆಂದು ಸ್ಪಷ್ಟವಾಗುತ್ತದೆ. ಉಳಿದದ್ದನ್ನು ನಗದಾಗಿ ಪಡೆದು ಪತ್ರದಲ್ಲಿ ಕಡಿಮೆ ತೋರಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬಹುದು.

ಮನೆಗೆ ಮಾಡಬೇಕಾದ ಖರ್ಚು ಕಡಿಮೆ. ಒಡೆದ ಹೆಂಚುಗಳನ್ನು ಬದಲಾಯಿಸಿ, ಮಾಡಿನ ಮರದ ಪಕಾಸಿಗಳಿಗೆ ಒರಲೆ (ಗೆದ್ದಲು) ಹಿಡಿದಿದೆಯೇ ನೋಡಿಸಿ. ಉಪ್ಪುಗಾಳಿಗೆ ಸಜ್ಜದ ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಉದುರಿದ್ದರೆ ಅದನ್ನು ಬಣ್ಣ ಬಳಿದು ಮುಚ್ಚದೆ ಸರಿಯಾಗಿ ದುರಸ್ತಿ ಮಾಡಿಸಿ. ಕರಾವಳಿಯವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬಾವಿಯ ನೀರು ಏಪ್ರಿಲ್-ಮೇ ತಿಂಗಳಲ್ಲಿ ಸವುಳಾಗುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ನೀರಿನ ಪರೀಕ್ಷಾ ವರದಿ ಕೈಯಲ್ಲಿರಲಿ. ಬೀಗ ಹಾಕಿದ ಮನೆಯ ಮುಗ್ಗಲು ವಾಸನೆಗೆ ಪರಿಹಾರ, ವಾರಕ್ಕೊಮ್ಮೆ ಯಾರಾದರೂ ಕಿಟಕಿ ತೆರೆದು ಗುಡಿಸುವುದು. ಬೇರೆ ಬೇರೆ ದಲ್ಲಾಳಿಗಳು ಬೇರೆ ಬೇರೆ ದರ ಹೇಳುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ.

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ನಮ್ಮ ಮನೆಯ ಅರ್ಧಭಾಗ ಬೆಟ್ಟದ ಜಾಗದಲ್ಲಿದೆ. ಬಾಂಡ್ ಪೇಪರಿನ ಮೇಲೆ ಕರಾರು ಬರೆದು ಮಾರಬಹುದೇ?

ಉತ್ತರ: ಮಾರಬಾರದು. ನೀವು ಹೇಳುವ ಬೆಟ್ಟ, ಅಂದರೆ ಸೊಪ್ಪಿನ ಬೆಟ್ಟ, ಅಡಿಕೆ ತೋಟಕ್ಕೆ ಸೊಪ್ಪು ತರಲು ಕೊಟ್ಟ ಸವಲತ್ತು, ಮಾಲ್ಕಿ (ಸ್ವಂತ ಒಡೆತನ) ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ದೊರೆತರೂ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಪರರಿಗೆ ಮಾರಲು ಬರುವುದಿಲ್ಲ. ನೋಂದಣಿಯಾಗದ ಕರಾರಿನಿಂದ ಕೊಂಡವರಿಗೆ ಒಡೆತನ ಬರುವುದಿಲ್ಲ, ಪಡೆದ ಹಣಕ್ಕೆ ನೀವು ಕೊನೆತನಕ ಉತ್ತರದಾಯಿಗಳಾಗುತ್ತೀರಿ. ಮೊದಲು ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಗಡಿ ಗುರುತಿಸಿಕೊಳ್ಳಿ. ಮಾಲ್ಕಿ ಭಾಗ ಪ್ರತ್ಯೇಕವಾಗಿ ವಾಸಕ್ಕೆ ಯೋಗ್ಯವಾಗಿದ್ದು, ಅದಕ್ಕೆ ಸ್ವಂತ ದಾರಿಯಿದ್ದರೆ, ಅಷ್ಟನ್ನು ಮಾತ್ರ ಕ್ರಮಬದ್ಧವಾಗಿ ಮಾರುವ ಬಗ್ಗೆ ವಕೀಲರೊಂದಿಗೆ ಚರ್ಚಿಸಿ.