ಸ್ಪೈಡರ್‌ಮ್ಯಾನ್ ಮದುವೆ ಅಳಿಸಿಹೋದದ್ದು ಹೇಗೆ, ಅಭಿಮಾನಿಗಳಿಗೆ ಇನ್ನೂ ಯಾಕೆ ಸಿಟ್ಟು?

ಮಾರ್ವೆಲ್ ಕಾಮಿಕ್ಸ್‌ನಲ್ಲಿ ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್ ಮತ್ತು ಅವನ ಪ್ರೇಯಸಿ ಮೇರಿ ಜೇನ್ ಮದುವೆಯಾದದ್ದು 1987ರಲ್ಲಿ, ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 21ನೇ ವಾರ್ಷಿಕ ಸಂಚಿಕೆಯಲ್ಲಿ. ಅದನ್ನು ಅಳಿಸಿದ್ದು 2007ರ ಕೊನೆಗೆ ಮುಗಿದ, ನಾಲ್ಕು ಭಾಗದ ‘ಒನ್ ಮೋರ್ ಡೇ’ ಎಂಬ ಕಥೆ. ಅದಕ್ಕೂ ಮುಂಚಿನ ‘ಸಿವಿಲ್ ವಾರ್’ ಕಥೆಯಲ್ಲಿ ಪೀಟರ್ ಎಲ್ಲರೆದುರು ಮುಖವಾಡ ತೆಗೆದು ತಾನು ಯಾರೆಂದು ತೋರಿಸಿದ್ದ. ಅದರ ಫಲವಾಗಿ ಅವನನ್ನು ಸಾಕಿ ಬೆಳೆಸಿದ ಆಂಟ್ ಮೇಗೆ ಗುಂಡೇಟು. ಅವಳನ್ನು ಉಳಿಸಲು ಮೆಫಿಸ್ಟೋ ಎಂಬ ದುಷ್ಟಶಕ್ತಿ ಕೇಳಿದ ಬೆಲೆ ಪೀಟರ್-ಮೇರಿ ಜೇನ್ ದಾಂಪತ್ಯ. ಇಬ್ಬರೂ ಒಪ್ಪಿದರು.

ಆಗಿನ ಮಾರ್ವೆಲ್ ಪ್ರಧಾನ ಸಂಪಾದಕ ಜೋ ಕೆಸಾಡಾ ಅವರ ವಾದ: ಮದುವೆಯಾದ ಪೀಟರ್‌ಗೆ ವಯಸ್ಸಾದಂತೆ ಕಾಣುತ್ತದೆ, ಡೈವೋರ್ಸ್ ಕೊಡಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಮದುವೆಯೇ ಆಗಿರಲಿಲ್ಲ ಎನ್ನಿಸಬೇಕು. ವಾದದಲ್ಲಿ ಹುರುಳಿಲ್ಲ ಅಂತಲ್ಲ, ಆದರೆ ದಾರಿ ಕೆಟ್ಟದ್ದು. ಹೊಣೆ ಹೊರುವುದೇ ಪೀಟರ್‌ನ ಗುಣ; ಇಲ್ಲಿ ತನ್ನ ತಪ್ಪಿನ ಪರಿಣಾಮದಿಂದ ಮಾಯೆಯ ನೆರವಿನಲ್ಲಿ ನುಣುಚಿಕೊಳ್ಳುತ್ತಾನೆ. ‘ಒನ್ ಮೋರ್ ಡೇ’ ಬರೆದ ಸ್ಟ್ರಾಸಿನ್ಸ್ಕಿ ಅವರಿಗೂ ಈ ಮುಕ್ತಾಯ ಒಪ್ಪಿಗೆಯಿರಲಿಲ್ಲ. ಕೊನೆಯ ಭಾಗಗಳಿಂದ ತಮ್ಮ ಹೆಸರು ತೆಗೆಸುವ ಯೋಚನೆಯಲ್ಲಿದ್ದರು.

ಮದುವೆ ಆಗದೇ ಹೋದದ್ದು ಹೇಗೆ ಎಂಬುದಕ್ಕೆ 2010ರ ‘ಒನ್ ಮೊಮೆಂಟ್ ಇನ್ ಟೈಮ್’ ಕಥೆ ತೇಪೆ ಹಚ್ಚಿತು: ಕಳ್ಳನೊಬ್ಬನನ್ನು ಹಿಡಿಯಲು ಹೋಗಿ ಪೀಟರ್ ಪ್ರಜ್ಞೆ ತಪ್ಪಿ, ಮದುವೆಗೇ ಬರಲಿಲ್ಲವಂತೆ! ಉಳಿದ ಹಳೆಯ ಕಥೆಗಳೆಲ್ಲ ನಡೆದವೇ, ಇಬ್ಬರೂ ಗಂಡ-ಹೆಂಡತಿಯಾಗಿರಲಿಲ್ಲ ಅಷ್ಟೇ.

ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಸ್ಪೈಡರ್‌ಮ್ಯಾನ್ ಕಾಮಿಕ್ ಸ್ಟ್ರಿಪ್‌ನಲ್ಲೂ 2009ರಲ್ಲಿ ಪೀಟರ್‌ನನ್ನು ಬ್ರಹ್ಮಚಾರಿ ಮಾಡಿದ್ದರು. ಓದುಗರು ರೇಗಿದ ಮೇಲೆ ಕೆಲವೇ ತಿಂಗಳಲ್ಲಿ ಅದೆಲ್ಲ ಬರೀ ಕನಸು ಎಂದುಬಿಟ್ಟರು. ಮದುವೆಯಾದ ಪೀಟರ್ ಬೇಕೆನ್ನುವವರು 2024ರಲ್ಲಿ ಶುರುವಾದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಕಾಮಿಕ್ ಸರಣಿ ಓದಿ. ಅಲ್ಲಿ ಅವನಿಗೆ ಇಬ್ಬರು ಮಕ್ಕಳು.