ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಬೇಸಿಗೆ ಶಿಬಿರದಲ್ಲಿ ಕ್ಯಾಮೆರಾ ಮತ್ತು ಮನಸ್ಸು

ಪರೀಕ್ಷೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ಬೇಸಿಗೆ ಶಿಬಿರಗಳ ತಯಾರಿ ಶುರುವಾಗುತ್ತದೆ. ಹದಿಹರೆಯದವರಿಗೆ ಛಾಯಾಗ್ರಹಣವನ್ನೂ ಮನಶ್ಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ಬಗ್ಗೆ ಬಂದ ಪತ್ರಗಳಿಗೆ, ಈ ಎರಡೂ ವಿಷಯಗಳನ್ನು ಕಲಿಸುವವರು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹತ್ತು ದಿನದ ಶಿಬಿರ. 13ರಿಂದ 16 ವರ್ಷದ ಹದಿನಾರು ಮಕ್ಕಳು. ದಿನಕ್ಕೆ ಎರಡೂವರೆ ಗಂಟೆ. ಮೊದಲರ್ಧ ಛಾಯಾಗ್ರಹಣ, ಉಳಿದರ್ಧ ಮನಶ್ಶಾಸ್ತ್ರ ಎಂದುಕೊಂಡಿದ್ದೇವೆ. ಇರುವುದು ಮೂರು ಕ್ಯಾಮೆರಾ, ಮಿಕ್ಕವರಿಗೆ ಮೊಬೈಲ್. ಸಾಕಾಗುತ್ತದೆಯೇ?
— ನಿವೃತ್ತ ಶಿಕ್ಷಕಿ, ಜಯನಗರ

ಸಲಕರಣೆ ಸಾಕು, ಆದರೆ ಹೊತ್ತನ್ನು ಹಾಗೆ ಇಬ್ಭಾಗ ಮಾಡಬೇಡಿ. ಮಾಡಿದರೆ ಮೊದಲರ್ಧ ಆಟವಾಗುತ್ತದೆ, ಎರಡನೆಯದು ಮತ್ತೆ ಶಾಲೆಯಾಗುತ್ತದೆ. ದಿನಕ್ಕೊಂದು ಪ್ರಶ್ನೆ ಇಟ್ಟುಕೊಳ್ಳಿ, ಅದಕ್ಕೆ ಉತ್ತರವನ್ನು ಮಕ್ಕಳು ಕ್ಯಾಮೆರಾದಿಂದಲೇ ಹುಡುಕಲಿ. ಮೊದಲ 20 ನಿಮಿಷ ಪ್ರಶ್ನೆಗೆ ಮತ್ತು ಊಹೆಗೆ, 70 ನಿಮಿಷ ಚಿತ್ರ ತೆಗೆಯಲು, 20 ನಿಮಿಷ ತಿಂಡಿಗೆ, ಕೊನೆಯ 40 ನಿಮಿಷ ಚಿತ್ರಗಳನ್ನು ಮುಂದಿಟ್ಟುಕೊಂಡು ಮಾತಾಡಲು. ಊಹೆಯನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಮಡಿಚಿ ಕೊಡಬೇಕು. ಬರೆಸದಿದ್ದರೆ ಫಲಿತಾಂಶ ಬಂದ ಮೇಲೆ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ. ಮನಸ್ಸಿನ ಆ ಗುಣವನ್ನೂ ಚೀಟಿ ಬಿಚ್ಚಿ ತೋರಿಸಬಹುದು.

ಮೊದಲ ದಿನ ಕ್ಯಾಮೆರಾವನ್ನು ಮುಟ್ಟಿಸದೆ, ಕೋಣೆಯನ್ನೇ ಕ್ಯಾಮೆರಾ ಮಾಡಿ. ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಂದು ಕಿಟಕಿಗೆ ರಟ್ಟು ಕಟ್ಟಿ, ಅದರಲ್ಲಿ 10ರಿಂದ 12 ಮಿಲಿಮೀಟರ್ ಅಗಲದ ದುಂಡನೆಯ ತೂತು ಕೊರೆಯಿರಿ. ಎರಡು ಮೀಟರ್ ದೂರದಲ್ಲಿ ಬಿಳಿ ಬೆಡ್‌ಶೀಟ್ ಬಿಗಿಯಾಗಿ ಕಟ್ಟಿದರೆ ಹೊರಗಿನ ಬೀದಿ ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಗಿನ ಹೊತ್ತಾದರೆ ಪಶ್ಚಿಮದ ಕಿಟಕಿಯೇ ಬೇಕು, ಯಾಕೆಂದರೆ ಆಗ ಎದುರಿನ ಕಟ್ಟಡದ ಮುಖಕ್ಕೆ ನೇರ ಬಿಸಿಲು ಬಿದ್ದಿರುತ್ತದೆ. ಎಷ್ಟೋ ಮಂದಿ ಒಂದೆರಡು ನಿಮಿಷ ನೋಡಿ ‘ಏನೂ ಕಾಣುತ್ತಿಲ್ಲ’ ಎಂದು ಬಾಗಿಲು ತೆರೆದುಬಿಡುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಯಾರೂ ಮೊಬೈಲ್ ಬೆಳಗಿಸಬಾರದು. ತೂತನ್ನು 5 ಮಿಲಿಮೀಟರಿಗೆ ಇಳಿಸಿದರೆ ಚಿತ್ರ ಚೂಪಾಗಿ, ಜೊತೆಗೇ ಮಂಕಾಗುತ್ತದೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ತೂತಿನ ಅಗಲ, ಎಂದರೇನು ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ನಮ್ಮ ಕಣ್ಣಿನ ಹಿಂಪರದೆಯಲ್ಲೂ ಚಿತ್ರ ತಲೆಕೆಳಗೇ ಬೀಳುತ್ತದೆ. ಹಾಗಾದರೆ ಲೋಕ ನೆಟ್ಟಗೆ ಕಾಣುವುದು ಹೇಗೆ ಎಂದು ಮಕ್ಕಳೇ ಕೇಳುತ್ತಾರೆ. ಮನಶ್ಶಾಸ್ತ್ರದ ಬಾಗಿಲು ಅಲ್ಲಿಂದ ತೆರೆಯುತ್ತದೆ.

ಹತ್ತು ದಿನಗಳಲ್ಲಿ ಹೆಚ್ಚು ಶ್ರಮಕ್ಕೆ ಯೋಗ್ಯವಾದದ್ದು ನೆನಪಿನ ಪ್ರಯೋಗ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯ ಸುತ್ತಿದ ವಿದ್ಯಾರ್ಥಿಗಳಿಗೆ ತಾವು ಫೋಟೊ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಚೆನ್ನಾಗಿ ನೆನಪಿದ್ದವು. ಝೂಮ್ ಮಾಡಿ ಒಂದು ಭಾಗವನ್ನಷ್ಟೇ ತೆಗೆದಾಗ ಮಾತ್ರ ಆ ನಷ್ಟ ಆಗಲಿಲ್ಲ. ಇದನ್ನು ಲಾಲ್‌ಬಾಗಿನಲ್ಲಿ ಮಾಡಬಹುದು. ಹಿಂದಿನ ದಿನವೇ ನೀವು ಹೋಗಿ ಹನ್ನೆರಡು ಜಾಗ ಗುರುತಿಸಿ: ಗಾಜಿನ ಮನೆ, ಹೂವಿನ ಗಡಿಯಾರ, ಬಂಡೆಯ ಮೇಲಿನ ಕೆಂಪೇಗೌಡ ಗೋಪುರ, ಹಳೆಯ ಬೂರುಗದ ಮರ, ಹೀಗೆ. ಪ್ರತಿ ಜಾಗದಲ್ಲೂ ಒಂದೊಂದು ಸಣ್ಣ ವಿವರ ಬರೆದುಕೊಳ್ಳಿ, ಮರುದಿನದ ಪ್ರಶ್ನೆಗಳು ಅವುಗಳಿಂದಲೇ. ಒಂದೊಂದು ಜಾಗಕ್ಕೂ 30 ಸೆಕೆಂಡ್. ಆರು ಜಾಗದಲ್ಲಿ ಬರೀ ನೋಡುವುದು, ಆರರಲ್ಲಿ ನೋಡಿ ಒಂದೇ ಒಂದು ಫೋಟೊ ತೆಗೆಯುವುದು.

ಎಡವಟ್ಟಾಗುವುದು ಇಲ್ಲೇ. ಎಲ್ಲರೂ ಅದೇ ಆರು ಜಾಗಗಳ ಫೋಟೊ ತೆಗೆದರೆ ಪ್ರಯೋಗ ಕೆಟ್ಟಿತು. ಗಾಜಿನ ಮನೆ ಫೋಟೊ ತೆಗೆದರೂ ನೆನಪಿರುತ್ತದೆ, ತೆಗೆಯದಿದ್ದರೂ ನೆನಪಿರುತ್ತದೆ. ಆದ್ದರಿಂದ ಎಂಟು ಮಕ್ಕಳು ಬೆಸ ಸಂಖ್ಯೆಯ ಜಾಗಗಳನ್ನು ತೆಗೆಯಲಿ, ಇನ್ನೆಂಟು ಮಂದಿ ಸಮ ಸಂಖ್ಯೆಯವನ್ನು. ಸಂಜೆ ಯಾರೂ ಫೋಟೊ ತೆರೆದು ನೋಡಬಾರದು. ಮೊಬೈಲ್ ಮನೆಗೆ ಹೋಗುವುದರಿಂದ ಇದನ್ನು ಕಾಯುವುದು ಕಷ್ಟ, ಹಾಗಾಗಿ ಆ ದಿನ ಚಿತ್ರಗಳನ್ನು ನಿಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಅವರ ಮೊಬೈಲಿನಿಂದ ಅಳಿಸಿಸಿ, ಪರೀಕ್ಷೆ ಮುಗಿದ ಮೇಲೆ ಮರಳಿಸಿ. ಹದಿನಾರು ಮಕ್ಕಳಲ್ಲಿ ಫಲಿತಾಂಶ ಉಲ್ಟಾ ಬಂದರೂ ಬರಬಹುದು. ಬಂದರೆ ಹಾಗೆಯೇ ಗೋಡೆಗೆ ಹಾಕಿ. 2017ರ ಇನ್ನೊಂದು ಅಧ್ಯಯನದಲ್ಲಿ, ಬೇಕಾದುದನ್ನು ತಾವೇ ಆರಿಸಿ ತೆಗೆಯಲು ಬಿಟ್ಟವರಿಗೆ ನೋಡಿದ್ದು ಹೆಚ್ಚು ನೆನಪಿತ್ತು, ಕೇಳಿಸಿಕೊಂಡದ್ದು ಕಡಿಮೆ ನೆನಪಿತ್ತು. ಎರಡು ಅಧ್ಯಯನಗಳ ನಡುವೆ ಬದಲಾದದ್ದೇನು ಎಂದು ಮಕ್ಕಳು ಜಗಳವಾಡಲಿ. ಆ ಜಗಳಕ್ಕೆ 40 ನಿಮಿಷ ಸಾಲದು, ಆ ದಿನ ಒಂದು ಗಂಟೆ ಇಡಿ.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡಕ್ಕೂ ಗುಂಪಿನಲ್ಲಿ ಕ್ಯಾಮೆರಾ ಒಯ್ಯುವ ಮುನ್ನ ತೋಟಗಾರಿಕೆ ಇಲಾಖೆಗೆ ಪತ್ರ ಕೊಟ್ಟು ಅನುಮತಿ ಪಡೆದುಕೊಳ್ಳಿ. ಮಳೆ ಬಂದರೆ ಕಸ್ತೂರ್ಬಾ ರಸ್ತೆಯ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯದ ಒಳಗೂ ಈ ನೆನಪಿನ ಪ್ರಯೋಗ ಮಾಡಬಹುದು, ಫ್ಲ್ಯಾಶ್ ಬಳಸದೆ, ಅಲ್ಲಿಯವರನ್ನು ಮೊದಲೇ ಕೇಳಿಕೊಂಡು.

ಏಪ್ರಿಲ್ ಕೊನೆಯ ವಾರ ಹನ್ನೊಂದು ಗಂಟೆಗೆ ಮೈದಾನದಲ್ಲಿ ತೆಗೆದ ಫೋಟೊಗಳಲ್ಲಿ ಮುಖವೆಲ್ಲ ಕಪ್ಪು, ಆಕಾಶ ಬರೀ ಬಿಳಿ. ಮೊಬೈಲ್ ಸರಿಯಿಲ್ಲವೇ?
— ಶಿಬಿರದ ಸ್ವಯಂಸೇವಕ, ವಿಜಯನಗರ

ಮೊಬೈಲ್ ಸರಿಯಾಗಿದೆ, ಸೂರ್ಯ ಇರುವ ಜಾಗ ಸರಿಯಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ 12.15ರಿಂದ 12.20ರ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಬೆಳಕು ಮೇಲಿನಿಂದ ಸುರಿದಾಗ ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಮುಖಕ್ಕೂ ಆಕಾಶಕ್ಕೂ ಬೆಳಕಿನ ಅಂತರ ವಿಪರೀತವಾಗುವುದರಿಂದ ಮೊಬೈಲಿನೊಳಗೆ ಬೆಳಕು ಗ್ರಹಿಸುವ ಸೆನ್ಸಾರ್ ಎರಡನ್ನೂ ಒಟ್ಟಿಗೆ ಹಿಡಿಯಲಾರದು.

ಮರದ ನೆರಳಿನ ಅಂಚಿಗೆ ಬನ್ನಿ. ಮುಖ ನೆರಳಲ್ಲಿ ಇರಬೇಕು, ಬಯಲಿನ ಕಡೆ ತಿರುಗಿರಬೇಕು. ಎಲೆಗಳ ಸಂದಿಯ ಬಿಸಿಲು ಕೆನ್ನೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತಿದ್ದರೆ ಎರಡು ಹೆಜ್ಜೆ ಒಳಗೆ ಸರಿಸಿ. ಎದೆಯ ಮಟ್ಟದಲ್ಲಿ, ಎರಡಡಿ ದೂರದಲ್ಲಿ ಬಿಳಿ ಡ್ರಾಯಿಂಗ್ ಶೀಟ್ ಓರೆಯಾಗಿ ಹಿಡಿದರೆ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗುತ್ತದೆ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಬೆರಳು ಜಾರಿಸಿ ಬೆಳಕು ಹೊಂದಿಸಿ. ಇವೆಲ್ಲಕ್ಕಿಂತ ಸುಲಭದ ದಾರಿ ಎಂದರೆ ಹೊರಗಿನ ಕೆಲಸವನ್ನು ಬೆಳಿಗ್ಗೆ 7ರಿಂದ 9ರೊಳಗೆ ಮುಗಿಸುವುದು. ಆದರೆ ನೆರಳಿಲ್ಲದ ಆ ದಿನವನ್ನು ಮಾತ್ರ ಬಿಡಬೇಡಿ, ಪಿವಿಸಿ ಪೈಪ್ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ಐದೈದು ನಿಮಿಷಕ್ಕೊಮ್ಮೆ ಚಿತ್ರ ತೆಗೆಸಿ.

ಮಗಳಿಗೆ ಹದಿನಾಲ್ಕು. ಸೆಲ್ಫಿ ತೆಗೆದು ತೆಗೆದು ಅಳಿಸುತ್ತಾಳೆ, ‘ನನ್ನ ಮೂಗು ದಪ್ಪ’ ಎಂದು ಕೊರಗುತ್ತಾಳೆ. ಇಂಥ ಶಿಬಿರಕ್ಕೆ ಕಳಿಸಿದರೆ ಕೊರಗು ಹೆಚ್ಚಾಗುವುದಿಲ್ಲವೇ?
— ತಾಯಿ, ರಾಜಾಜಿನಗರ

ಹೇಗೆ ಕಲಿಸುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ, ಅಮ್ಮ. ಮುಖಗಳಿಗೆ ಅಂಕ ಹಾಕುವ, ‘ಚೆಂದದ ಸೆಲ್ಫಿ’ ಸ್ಪರ್ಧೆ ಇಡುವ ಶಿಬಿರವಾದರೆ ಕಳಿಸಬೇಡಿ. ಆಕೆಯ ಪ್ರಶ್ನೆಯನ್ನೇ ಅಳತೆಗೋಲಿನಿಂದ ಪರೀಕ್ಷಿಸುವ ಶಿಬಿರವಾದರೆ ಖಂಡಿತ ಕಳಿಸಿ.

ಪರೀಕ್ಷೆ ಹೀಗೆ. ನೆಲದ ಮೇಲೆ ಕುರ್ಚಿಯಿಂದ 30, 60, 150 ಸೆಂಟಿಮೀಟರ್ ದೂರಕ್ಕೆ ಟೇಪ್ ಅಂಟಿಸಿ. ಕುಳಿತವರ ಮುಖಕ್ಕೆ ಪಕ್ಕದ ಕಿಟಕಿಯ ಬೆಳಕು ಸಾಕು. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ ಇರಲಿ, ಬ್ಯೂಟಿ ಫಿಲ್ಟರ್ ಪೂರ್ತಿ ಆಫ್ ಆಗಿರಲಿ. ಮೂರು ದೂರದಿಂದ ಮೂರು ಚಿತ್ರ ತೆಗೆದು, ಮೂರರಲ್ಲೂ ಮುಖ ಒಂದೇ ಗಾತ್ರಕ್ಕೆ ಬರುವಂತೆ ಕ್ರಾಪ್ ಮಾಡಿ ಪಕ್ಕಪಕ್ಕ ಇಡಿ. ಮೂಗು ಮೂರರಲ್ಲಿ ಮೂರು ಬಗೆ. ಕಾರಣ ಸರಳ: 30 ಸೆಂಟಿಮೀಟರ್ ದೂರದಲ್ಲಿ ಮೂಗಿಗಿಂತ ಕಿವಿ ಮತ್ತೆ ಹನ್ನೆರಡು ಸೆಂಟಿಮೀಟರ್ ಹಿಂದಿದ್ದರೆ ಅದು ದೊಡ್ಡ ವ್ಯತ್ಯಾಸ, ಹತ್ತಿರದ್ದು ಉಬ್ಬುತ್ತದೆ. 150ರಿಂದ ನೋಡುವಾಗ ಅದೇ ಹನ್ನೆರಡು ಲೆಕ್ಕಕ್ಕೆ ಬರುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು 5 ಅಡಿ ದೂರದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಇದರಲ್ಲಿ ಆಗುವ ತಪ್ಪು ಒಂದೇ, ಕುಳಿತವರು ಗಲ್ಲ ಮೇಲೆತ್ತುವುದು. ಲೆನ್ಸಿನ ಪಕ್ಕದಲ್ಲಿ ಒಂದು ಚುಕ್ಕೆ ಅಂಟಿಸಿ ಅದನ್ನೇ ನೋಡಲು ಹೇಳಬೇಕು.

ಇನ್ನೊಂದು ಸಂಗತಿ ಕನ್ನಡಿಯದು. ದಿನವೂ ನಾವು ಕಾಣುವ ನಮ್ಮ ಮುಖ ಎಡ-ಬಲ ತಿರುಗಿದ್ದು. 1977ರ ಒಂದು ಅಧ್ಯಯನದಲ್ಲಿ ಜನರಿಗೆ ಹೆಚ್ಚಾಗಿ ಇಷ್ಟವಾದದ್ದು ತಮ್ಮ ಕನ್ನಡಿ ಮುಖ, ಅವರ ಗೆಳೆಯರಿಗೆ ಇಷ್ಟವಾದದ್ದು ತಿರುಗಿಸದ ಮುಖ. ಇಬ್ಬರೂ ತಮಗೆ ರೂಢಿಯಾದದ್ದನ್ನೇ ಮೆಚ್ಚಿದರು. ಮಗಳು ತನ್ನದೇ ಫೋಟೊವನ್ನು ಎಡಿಟಿಂಗ್‌ನಲ್ಲಿ ತಿರುಗಿಸಿ ನೋಡಲಿ, ಗೆಳತಿಯನ್ನೂ ಕೇಳಲಿ.

ಆದರೆ ಕೊರಗು ಊಟ, ನಿದ್ದೆ, ಶಾಲೆಯವರೆಗೆ ಬಂದಿದ್ದರೆ ಶಿಬಿರವನ್ನು ಔಷಧಿ ಎಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳು ತೆಗೆದ ಚಿತ್ರ ನೋಡಿ ಅವರ ವ್ಯಕ್ತಿತ್ವ ಹೇಳಬಹುದೇ? ಪೋಷಕರು ಇಷ್ಟಪಡುತ್ತಾರೆ.
— ಶಿಬಿರ ಸಂಘಟಕರು, ಯಲಹಂಕ

ಹೇಳಲಾಗದು, ಹೇಳಬಾರದು. ಕತ್ತಲೆಯ ಚಿತ್ರ ತೆಗೆದವನಿಗೆ ಖಿನ್ನತೆ, ಹೂವು ತೆಗೆದವಳು ಮೃದು ಸ್ವಭಾವ ಎಂಬ ಮಾತಿಗೆ ಆಧಾರವಿಲ್ಲ, ಮಗು ಮಾತ್ರ ಆ ಹಣೆಪಟ್ಟಿಯನ್ನು ವರ್ಷಗಟ್ಟಲೆ ಹೊರುತ್ತದೆ. ಬದಲಿಗೆ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗ ಮಾಡಿಸಿ. ಆತ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವಿವರಣೆ ಕೊಟ್ಟು, ‘ಇದು ನಿಮ್ಮ ವ್ಯಕ್ತಿತ್ವ’ ಎಂದ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ನೀವೂ ‘ಚಿತ್ರ ನೋಡಿ ಬರೆದದ್ದು’ ಎಂದು ಒಂದೇ ಬರಹವನ್ನು ಎಲ್ಲರಿಗೂ ಲಕೋಟೆಯಲ್ಲಿ ಕೊಡಿ, ಅಂಕ ಬರೆಸಿ, ಆಮೇಲೆ ಪಕ್ಕದವರ ಚೀಟಿ ಓದಲು ಹೇಳಿ. ಸತ್ಯವನ್ನು ಅದೇ ತರಗತಿಯಲ್ಲಿ ಬಿಡಿಸಿ ಹೇಳಬೇಕು, ಮಕ್ಕಳನ್ನು ಆ ನಂಬಿಕೆಯಲ್ಲೇ ಮನೆಗೆ ಕಳಿಸಬಾರದು. ಪೋಷಕರಿಗೂ ಅದೇ ಲಕೋಟೆ ಕೊಟ್ಟು ನೋಡಿ.

ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ (ಡಿಎಸ್‌ಎಲ್‌ಆರ್) ಕೊಡಿಸಲೇಬೇಕೆ?
— ತಂದೆ, ಕೆಂಗೇರಿ

ಬೇಡ. ಶಿಬಿರದಲ್ಲಿ ಇರುವುದನ್ನೇ ಸರದಿಯಲ್ಲಿ ಬಳಸಿದರೆ ಸಾಕು. ಕೈಗೆ ಸಿಕ್ಕಾಗ ಮೊದಲು ಶಟರ್, ಅಂದರೆ ಬೆಳಕನ್ನು ಎಷ್ಟು ಹೊತ್ತು ಒಳಬಿಡಬೇಕು ಎಂಬುದನ್ನು, ಕಲಿಯಲಿ: ಸೆಕೆಂಡಿನ 1/500ರಲ್ಲಿ ಓಡುವ ಹುಡುಗ ನಿಂತುಬಿಡುತ್ತಾನೆ. 1/30ರಲ್ಲಿ ಬಸ್ಸಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಬಸ್ಸು ಸ್ಪಷ್ಟ, ಬೀದಿ ಗೆರೆಗೆರೆ. ಕಡು ಬಿಸಿಲಿಲ್ಲದ ಹಗಲಲ್ಲಿ 1/30 ಇಟ್ಟು ಚಿತ್ರ ಬೆಳ್ಳಗಾದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100ಕ್ಕೆ ಇಳಿಸಿ, ಅಪರ್ಚರನ್ನು ಎಫ್/16ಕ್ಕೆ ಕಿರಿದು ಮಾಡಿ.

ಕೆ.ಆರ್. ಮಾರುಕಟ್ಟೆ, ಗಾಂಧಿ ಬಜಾರಿಗೆ ಮಕ್ಕಳನ್ನು ಕರೆದೊಯ್ಯಲು ಯೋಚನೆ. ಅನುಮತಿ, ಸುರಕ್ಷತೆ, ಕೊನೆಯ ಪ್ರದರ್ಶನ, ಎಲ್ಲದರ ಬಗ್ಗೆ ತಿಳಿಸಿ.
— ಉಪನ್ಯಾಸಕರು, ಬಸವನಗುಡಿ

ಹೂವಿನ ವ್ಯಾಪಾರದ ನೂಕುನುಗ್ಗಲಿನಲ್ಲಿ ಕೆ.ಆರ್. ಮಾರುಕಟ್ಟೆ ಹದಿನಾರು ಮಕ್ಕಳಿಗೆ ಕಷ್ಟ, ಗಾಂಧಿ ಬಜಾರ್ ಸಾಕು. ನಾಲ್ವರಿಗೊಬ್ಬ ದೊಡ್ಡವರು. ನಿಯಮ ಒಂದೇ: ಮೊದಲು ನಮಸ್ಕಾರ, ಆಮೇಲೆ ಮಾತು, ಆಮೇಲೆ ಕ್ಯಾಮೆರಾ. ‘ಅಕ್ಕಾ, ನೀವು ಹೂ ಕಟ್ಟೋದನ್ನ ಫೋಟೊ ತೆಗೀಬಹುದಾ?’ ಎಂದು ಕೇಳುವುದನ್ನು ಹಿಂದಿನ ದಿನವೇ ಅಭ್ಯಾಸ ಮಾಡಿಸಿ. ಬೇಡ ಎಂದರೆ ಚರ್ಚೆಯಿಲ್ಲದೆ ಬಿಡಬೇಕು. ಕೇಳಿದರೆ ಸಹಜತೆ ಹೋಗುತ್ತದೆ ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಐದು ನಿಮಿಷ ಅಲ್ಲೇ ಇದ್ದರೆ ಅವರು ಮತ್ತೆ ಕೆಲಸದಲ್ಲಿ ಮುಳುಗುತ್ತಾರೆ, ಕಾಯುವುದನ್ನೂ ಕಲಿಸಿದಂತಾಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪೋಷಕರ ಒಪ್ಪಿಗೆ ಪತ್ರದಲ್ಲಿ ಚಿತ್ರ ತೆಗೆಯಲು, ಪ್ರದರ್ಶನದಲ್ಲಿಡಲು, ಅಂತರ್ಜಾಲಕ್ಕೆ ಹಾಕಲು ಬೇರೆ ಬೇರೆ ಮೂರು ಸಾಲು ಇರಲಿ. ಕ್ಯಾಮೆರಾ ಆ್ಯಪಿನಲ್ಲಿ ಸ್ಥಳದ ಗುರುತು ಆಫ್ ಮಾಡಿಸಿ, ಇಲ್ಲದಿದ್ದರೆ ಮನೆಯಲ್ಲಿ ತೆಗೆದ ಫೋಟೊದೊಳಗೆ ವಿಳಾಸವೂ ಸೇರಿ ಹೋಗುತ್ತದೆ.

‘ನಿನ್ನ ದುಃಖದ ಚಿತ್ರ ತೆಗೆ’ ಎಂಬಂಥ ವಿಷಯ ಕೊಟ್ಟು ಎಲ್ಲರೆದುರು ಮಾತಾಡಿಸಬೇಡಿ. ‘ನೀನು ದಿನವೂ ದಾಟುವ, ಯಾರೂ ನೋಡದ ಜಾಗ’ ಎಂದು ಕೊಟ್ಟರೆ ಹೇಳಬೇಕೆನಿಸಿದವರು ಹೇಳುತ್ತಾರೆ, ಉಳಿದವರಿಗೆ ಮರೆ ಇರುತ್ತದೆ. ಯಾವುದಾದರೂ ಚಿತ್ರ ಅಥವಾ ಬರಹ ತನಗೆ ತಾನೇ ಹಾನಿ ಮಾಡಿಕೊಳ್ಳುವ ಸುಳಿವು ಕೊಟ್ಟರೆ ಆ ದಿನವೇ ಪ್ರತ್ಯೇಕವಾಗಿ ಕೂರಿಸಿ, ನೇರವಾಗಿ, ಮೃದುವಾಗಿ ಕೇಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಮನೆಯವರಿಗೆ ತಿಳಿಸಿ, ಮನೆಯಲ್ಲೇ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ.

ಪ್ರದರ್ಶನಕ್ಕೆ ಒಬ್ಬರಿಗೆ ಮೂರೇ ಚಿತ್ರ, 8×12 ಇಂಚಿನ ಮ್ಯಾಟ್ ಪ್ರಿಂಟ್. ಹೊಳೆಯುವ ಕಾಗದ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯಂತಾಗಿಬಿಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಬಂದ ಚಿತ್ರ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ ಅಥವಾ ಪೆನ್‌ಡ್ರೈವ್ ಬಳಸಿ. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು ನಾಲ್ಕೂಮುಕ್ಕಾಲು ಅಡಿಗೆ ಬರುವಂತೆ ತೂಗುಹಾಕಿ. ಬಹುಮಾನ ಬೇಡ. ಪ್ರತಿ ಚಿತ್ರದ ಕೆಳಗೆ ಆ ದಿನದ ಪ್ರಶ್ನೆ, ಮಗುವಿನ ಊಹೆಯ ಚೀಟಿ, ಸಿಕ್ಕ ಉತ್ತರ ಈ ಮೂರನ್ನೂ ಅಂಟಿಸಿ. ಪ್ರಿಂಟ್ ಹಾಕಿಸಲು ಕನಿಷ್ಠ ಎರಡು ದಿನ ಬೇಕು, ಆದ್ದರಿಂದ ಚಿತ್ರಗಳ ಆಯ್ಕೆ ಏಳನೆಯ ದಿನ ಸಂಜೆಗೆ ಮುಗಿದಿರಲಿ.