ವರ್ಷದ ಲೆಕ್ಕದಲ್ಲಿ ಎಲ್ಲ ಊರಿಗೂ ಹಗಲು ಸಮವೇ?

ನಿಮ್ಮ ಪ್ರಶ್ನೆ: ನಾರ್ವೆಯ ಟ್ರೊಮ್ಸೊಗೆ ಓದಲು ಹೋಗುತ್ತಿದ್ದೇನೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ಹುಟ್ಟುವುದಿಲ್ಲ. ವರ್ಷಕ್ಕೆ ಒಟ್ಟು ಹಗಲು ಬೆಂಗಳೂರಿನಷ್ಟೇ ಸಿಗುತ್ತದೆಯೇ?

ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಆ 'ಸ್ವಲ್ಪ' ಎಲ್ಲಿಂದ ಬರುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ವರ್ಷಕ್ಕೆ 8,760 ಗಂಟೆ. ಗಾಳಿ ಇಲ್ಲ, ಸೂರ್ಯ ಬರೀ ಒಂದು ಚುಕ್ಕಿ, ಭೂಮಿ ಸುತ್ತುವ ದಾರಿ ಸರಿಯಾದ ವೃತ್ತ ಎಂದುಕೊಳ್ಳಿ. ಆಗ ಎಲ್ಲ ಊರಿಗೂ ಅರ್ಧಕ್ಕರ್ಧ, ಅಂದರೆ 4,380 ಗಂಟೆ. ಬೇಸಿಗೆಯಲ್ಲಿ ಹೆಚ್ಚು ಸಿಕ್ಕಿದ್ದು ಚಳಿಗಾಲದಲ್ಲಿ ವಜಾ.

ಈಗ ಮಾರ್ಚ್ 20ರ ಆಸುಪಾಸಿನ ಬೆಂಗಳೂರು ನೋಡಿ. ಹಗಲು ರಾತ್ರಿ ಸಮ ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆದರೆ ಸೂರ್ಯ ಹುಟ್ಟುವುದು ಸುಮಾರು 6:24ಕ್ಕೆ, ಮುಳುಗುವುದು 6:31ಕ್ಕೆ. 7 ನಿಮಿಷ ಲಾಭ! ಸೂರ್ಯನ ಮೇಲಂಚು ಕಂಡರೆ ಸಾಕು, ನಾವು ಸೂರ್ಯೋದಯ ಅನ್ನುತ್ತೇವೆ. ಜೊತೆಗೆ ಗಾಳಿ ಬೆಳಕನ್ನು ಬಗ್ಗಿಸುತ್ತದೆ. ಪಾತ್ರೆಯ ತಳದಲ್ಲಿ ನಾಣ್ಯ ಇಡಿ. ಅದು ಅಂಚಿಗೆ ಮರೆಯಾಗುವಷ್ಟು ಹಿಂದೆ ಸರಿದು, ಯಾರಿಗಾದರೂ ನೀರು ಸುರಿಯಲು ಹೇಳಿ. ನಾಣ್ಯ ಮತ್ತೆ ಕಾಣುತ್ತದೆ. ಸಂಜೆಯ ಸೂರ್ಯನೂ ಹಾಗೆಯೇ. ಅವನ ಕೆಳಗಂಚು ದಿಗಂತ ಮುಟ್ಟಿದಂತೆ ಕಾಣುವ ಹೊತ್ತಿಗೆ ಸೂರ್ಯ ನಿಜವಾಗಿ ಪೂರ್ತಿ ಕೆಳಗಿಳಿದಾಗಿರುತ್ತದೆ.

ನಮ್ಮಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತಾನೆ, ಆದ್ದರಿಂದ ಲಾಭ ನಿಮಿಷಗಳಲ್ಲೇ ಮುಗಿಯುತ್ತದೆ. ಉತ್ತರಕ್ಕೆ ಹೋದಷ್ಟೂ ಓರೆಯಾಗಿ ಇಳಿಯುತ್ತಾನೆ, ಲಾಭ ಬೆಳೆಯುತ್ತದೆ. ಆರ್ಕ್ಟಿಕ್ ವೃತ್ತದ ಹತ್ತಿರ ವರ್ಷದಲ್ಲಿ ಎಷ್ಟೋ ದಿನ ಸೂರ್ಯ ದಿಗಂತವನ್ನು ಸವರಿಕೊಂಡೇ ಸಾಗುತ್ತಾನೆ. ಅದಕ್ಕೇ ಅತಿ ಹೆಚ್ಚು ಹಗಲು ಅಲ್ಲಿ, ವರ್ಷಕ್ಕೆ ಸುಮಾರು 4,650 ಗಂಟೆ. ಬೆಂಗಳೂರಿಗೆ 4,425ರ ಆಸುಪಾಸು.

ಇನ್ನೊಂದು ಕಾರಣ ಭೂಮಿಯ ದಾರಿ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರ, 14.7 ಕೋಟಿ ಕಿ.ಮೀ. ಜುಲೈನಲ್ಲಿ 15.2 ಕೋಟಿ. ದೂರ ಇದ್ದಾಗ ನಿಧಾನವಾಗಿ ಚಲಿಸುತ್ತದೆ. ಹೀಗಾಗಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಅರ್ಧಕ್ಕೆ 186 ದಿನ, ಉಳಿದರ್ಧಕ್ಕೆ 179. ಬೇಸಿಗೆ ಉದ್ದವಾದ ಉತ್ತರಕ್ಕೆ ಲಾಭ, ದಕ್ಷಿಣಕ್ಕೆ ನಷ್ಟ. ಉತ್ತರ ಧ್ರುವಕ್ಕೆ ಸುಮಾರು 4,575 ಗಂಟೆ, ದಕ್ಷಿಣ ಧ್ರುವಕ್ಕೆ 4,390 ಅಷ್ಟೇ.

ಇದು ಸೂರ್ಯ ದಿಗಂತದ ಮೇಲಿರುವ ಲೆಕ್ಕ. ಬಿಸಿಲಿನ ಲೆಕ್ಕ ಬೇರೆ. ಮೋಡ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ. ನಾರ್ವೆಯದೇ ಊರು ರ್ಯೂಕಾನ್. ಲೆಕ್ಕದಲ್ಲಿ ಬೆಂಗಳೂರಿಗಿಂತ ಜಾಸ್ತಿ ಹಗಲು. ಆದರೆ ಕಣಿವೆಯ ಊರಾದ್ದರಿಂದ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಸೂರ್ಯ ಸರಿದಂತೆ ಅವೂ ತಿರುಗುತ್ತವೆ, ಊರ ನಡುವಿನ ಚೌಕಕ್ಕೆ ಬಿಸಿಲು ಬೀಳಿಸುತ್ತವೆ.

ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದಿಲ್ಲ, ನಿಜ. ಹಾಗಂತ ಇಡೀ ದಿನ ಕಗ್ಗತ್ತಲೆ ಎಂದು ಸುಮ್ನೆ ಹೆದರಬೇಡಿ. ಮಧ್ಯಾಹ್ನ ಕೆಲವು ಗಂಟೆ ನಸುಕಿನಂಥ ಬೆಳಕು ಇರುತ್ತದೆ. ಮೇಲೆ ಕೊಟ್ಟ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.